ಅರೇ ಕಲಿಯುವವಳಿಗೆ ಕಿವಿಮಾತು

ಮಗಳೇ, ಕಾಲೇಜಿನಲ್ಲಿ ಸಿ ಭಾಷೆಯ ಅರೇ ಪಾಠ ಶುರುವಾಯಿತು ಅಂದೆಯಲ್ಲ, ಇಷ್ಟು ಮನಸ್ಸಿನಲ್ಲಿಟ್ಟುಕೋ.

• ನಲವತ್ತು ಮಕ್ಕಳ ಅಂಕಕ್ಕೆ ನಲವತ್ತು ವೇರಿಯಬಲ್ ಬೇಡ. ‘ಅಂಕ’ ಅಂತ ಒಂದೇ ಹೆಸರಿಟ್ಟು 40 ಅಂತ ಅಳತೆ ಕೊಡು. ಮೆಮೊರಿಯಲ್ಲಿ ಸಾಲಾಗಿ, ನಡುವೆ ಜಾಗ ಬಿಡದೆ ನಲವತ್ತು ಮನೆ ಸಿಗುತ್ತವೆ.

• ಎಣಿಕೆ ಸೊನ್ನೆಯಿಂದ. ಮೊದಲನೆಯದು ಅಂಕ[0], ಕೊನೆಯದು ಅಂಕ[39]. ಬಾಯಿಪಾಠ ಮಾಡಬೇಡ, ಕಾರಣ ತಿಳಿದುಕೋ. ಕಂಸದೊಳಗಿನ ಸಂಖ್ಯೆ ಅಂದರೆ ಅರೇ ಶುರುವಾದಲ್ಲಿಂದ ಎಷ್ಟು ಮನೆ ದಾಟಬೇಕು ಅನ್ನುವ ಲೆಕ್ಕ. ಇಂಟ್‌ಗೆ 4 ಬೈಟ್ ಆದರೆ ಅಂಕ[3] ಇರುವುದು ಮೊದಲಿನಿಂದ 12 ಬೈಟ್ ಆಚೆ. ಮೊದಲನೆಯದಕ್ಕೆ ಏನನ್ನೂ ದಾಟಬೇಕಿಲ್ಲ. ಹಾಗಾಗಿ ಮೂರನೆಯ ಮನೆಯಾಗಲಿ ಮೂರು ಸಾವಿರದ್ದಾಗಲಿ, ತಲುಪಲು ಒಂದು ಗುಣಾಕಾರ, ಒಂದು ಕೂಡಿಕೆ ಸಾಕು. ಅರೇಯ ಬಲವೆಲ್ಲ ಇದೇ.

• ಲೂಪ್‌ನಲ್ಲಿ ‘ಐ < 40’ ಅಂತ ಬರೆ, ‘ಐ <= 40’ ಅಂತಲ್ಲ.

• ಆ ಸಮಚಿಹ್ನೆಯೊಂದು ಸೇರಿಕೊಂಡರೆ ಇಲ್ಲದ ಮನೆಗೆ ಹೋಗುತ್ತೀಯ, ಸಿ ತಡೆಯುವುದಿಲ್ಲ. ಜಾವಾ, ಪೈಥಾನ್ ಎರರ್ ಕೊಟ್ಟು ನಿಲ್ಲಿಸುತ್ತವೆ. ಇಲ್ಲಿ ಪಕ್ಕದ ವೇರಿಯಬಲ್ ಸದ್ದಿಲ್ಲದೆ ಕೆಡಬಹುದು. ಇವತ್ತು ಸರಿಯುತ್ತರ ಕೊಟ್ಟ ಪ್ರೋಗ್ರಾಂ ನಾಳೆ ಕೈಕೊಡುವುದು ಹೀಗೆ. ಚಿಕ್ಕ ವಿಷಯ ಅಂದುಕೊಳ್ಳಬೇಡ. 1988ರಲ್ಲಿ ಮಾರಿಸ್ ವರ್ಮ್ ಅನ್ನುವ ತಾನೇ ಹರಡುವ ಪ್ರೋಗ್ರಾಂ ಇಂಟರ್ನೆಟ್ಟಿನ ಕಂಪ್ಯೂಟರುಗಳಿಗೆ ನುಗ್ಗಿದ ದಾರಿಗಳಲ್ಲಿ ಒಂದು, ಬಂದದ್ದರ ಉದ್ದ ನೋಡದೆ ಅರೇಗೆ ತುಂಬುವ ‘ಗೆಟ್ಸ್’ ಫಂಕ್ಷನ್. 2011ರ ಸಿ ಸ್ಟ್ಯಾಂಡರ್ಡ್‌ನಿಂದ ಅದನ್ನು ತೆಗೆದೇ ಹಾಕಿದರು. ಹಳೆಯ ಪುಸ್ತಕಗಳಲ್ಲಿ ಇನ್ನೂ ಇದೆ, ನೀನು ಬಳಸಬೇಡ. ‘ಎಫ್‌ಗೆಟ್ಸ್’ ಬಳಸು, ಅದಕ್ಕೆ ಅಳತೆ ಹೇಳಲೇಬೇಕು.

• ಹೆಸರು ಇಡುವ ಕ್ಯಾರ್ ಅರೇಯಲ್ಲಿ, ಹೆಸರು ಮುಗಿಯಿತು ಅಂತ ಸೂಚಿಸುವ ಕೊನೆಯ ನಲ್‌ಗೆ ಒಂದು ಮನೆ ಹೆಚ್ಚಿಗೆ ಇರಲಿ. ಕನ್ನಡದಲ್ಲಿ ಬರೆಯುವುದಾದರೆ ಇನ್ನೂ ಎಚ್ಚರ: ‘ಕಮಲ’ ನಮ್ಮ ಕಣ್ಣಿಗೆ ಮೂರಕ್ಷರ, ಯುಟಿಎಫ್-8ರಲ್ಲಿ 9 ಬೈಟ್. ನಲ್ ಸೇರಿ 10 ಬೇಕು.

• ಫಂಕ್ಷನ್‌ಗೆ ಅರೇ ಕಳಿಸುವಾಗ ಅಳತೆಯನ್ನೂ ಜೊತೆಗೆ ಕಳಿಸು. ಅಲ್ಲಿಗೆ ತಲುಪುವುದು ಮೊದಲ ಮನೆಯ ವಿಳಾಸ ಮಾತ್ರ. ಅಲ್ಲಿ ‘ಸೈಜ್‌ಆಫ್’ ಕೇಳಿದರೆ ಆ ವಿಳಾಸ ಹಿಡಿದಿರುವ ಪಾಯಿಂಟರಿನ ಅಳತೆ ಬರುತ್ತದೆ, ಅರೇಯದ್ದಲ್ಲ. ಇನ್ನೊಂದು, ಫಂಕ್ಷನ್ ಒಳಗೆ ಬದಲಿಸಿದ್ದು ನಿನ್ನ ಮೂಲ ಅರೇಯಲ್ಲೇ ಬದಲಾಗುತ್ತದೆ.

• ಬೆಲೆ ತುಂಬದ ಮನೆಯನ್ನು ಓದಬೇಡ. ಅಲ್ಲಿ ಸೊನ್ನೆ ಇರುತ್ತದೆ ಅಂತ ನಂಬಬೇಡ.

• ಲ್ಯಾಬಿಗೆ ಹೋಗುವ ಮುಂಚೆ ಐದು ಮನೆಯ ಅರೇ ಕಾಗದದ ಮೇಲೆ ಬರೆದು, ಲೂಪಿನ ಮೊದಲ ಸುತ್ತು, ಕೊನೆಯ ಸುತ್ತು ಎರಡನ್ನೂ ಕೈಯಲ್ಲೇ ನಡೆಸಿ ನೋಡು. ನಡುವಿನ ಸುತ್ತುಗಳಲ್ಲಿ ತಪ್ಪಾಗುವುದು ಕಡಿಮೆ.