ಬರವಣಿಗೆಯ ಉದ್ರಿ ಖಾತೆ

ದೇವದುರ್ಗದ ರೈತ ರಾಯಚೂರಿನ ಎಪಿಎಂಸಿಗೆ ಹತ್ತಿ ತಂದರೆ ತೂಕವೆಷ್ಟು, ದರವೆಷ್ಟು, ಹಮಾಲಿಗೆ ಹೋದದ್ದೆಷ್ಟು ಎಂಬುದು ದಲಾಲಿ ಅಂಗಡಿಯ ಚೀಟಿಯಲ್ಲಿ ಬರುತ್ತದೆ. ಅದೇ ಊರಿನಲ್ಲಿ ಬರೆದು ಬದುಕುವವರ ಕೈಗೆ ಅಂಥ ಚೀಟಿ ಸಿಗುವುದು ಅಪರೂಪ. ಲೇಖನ ಬೇಕೆಂದು ಫೋನ್ ಬರುತ್ತದೆ, ಅನುವಾದದ ಹಾಳೆಗಳು ವಾಟ್ಸಾಪ್‌ನಲ್ಲಿ ಬರುತ್ತವೆ. ದುಡ್ಡಿನ ಮಾತು ಮಾತ್ರ "ಆಮೇಲೆ ನೋಡೋಣ ಬಿಡ್ರಿ" ಎಂಬಲ್ಲಿಗೆ ನಿಲ್ಲುತ್ತದೆ. ಲೇಖನ, ಅನುವಾದ, ವರದಿಗಳನ್ನೇ ನಂಬಿ ಇಲ್ಲಿ ಸಂಸಾರ ನಡೆಸುತ್ತಿರುವ ಈ ಅಂಕಣಕಾರ್ತಿಗೆ ಅನುಭವ ಕಲಿಸಿದ್ದು ಇಷ್ಟು: ಬರಹದ ಹಣ ಕೈಸೇರುತ್ತದೋ ಇಲ್ಲವೋ ಎಂಬುದು ಕೆಲಸ ಮುಗಿಸಿದ ದಿನ ಅಲ್ಲ, ಒಪ್ಪಿಕೊಂಡ ದಿನವೇ ತೀರ್ಮಾನವಾಗುತ್ತದೆ.

ಕೆಲಸಕ್ಕೇನೂ ಇಲ್ಲಿ ಬರವಿಲ್ಲ. 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದ ಜಿಲ್ಲೆ ಇದು. ಹಳೆಯ ಜಮೀನು ಕಾಗದಗಳು ಉರ್ದುವಿನಲ್ಲಿವೆ, ಅವನ್ನು ಕನ್ನಡಕ್ಕೆ ತರಬಲ್ಲವರನ್ನು ಜನ ಹುಡುಕಿಕೊಂಡು ಬರುತ್ತಾರೆ. ಗಡಿ ದಾಟಿದರೆ ತೆಲುಗು. ಸ್ವಯಂಸೇವಾ ಸಂಸ್ಥೆಗಳಿಗೆ ವರದಿ ಬೇಕು, ಬೀಜ–ಗೊಬ್ಬರದ ಕಂಪನಿಗಳಿಗೆ ಕರಪತ್ರ ಬೇಕು, ಪತ್ರಿಕೆಗಳಿಗೆ ದೀಪಾವಳಿ ವಿಶೇಷಾಂಕ ತುಂಬಬೇಕು.

ಆದರೂ ಬರವಣಿಗೆಯನ್ನೇ ಹೊಟ್ಟೆಪಾಡು ಮಾಡಿಕೊಂಡವರು ಕಡಿಮೆ. ಹೆಂಬೆರಾಳಿನ ಶಾಂತರಸರು ಅಧ್ಯಾಪಕರಾಗಿದ್ದುಕೊಂಡೇ ಗಜಲ್ ಬರೆದರು. ಈ ಭಾಗದ ಬಹುತೇಕ ಲೇಖಕರ ಬೆನ್ನಿಗೆ ಸಂಬಳದ ನೌಕರಿ ಇತ್ತು. ಪುಸ್ತಕದ ವ್ಯವಹಾರವನ್ನೂ ತಾವೇ ಹೊತ್ತವರೆಂದರೆ ಹಾವೇರಿ ಸೀಮೆಯ ಗಳಗನಾಥರು (1869–1942). 'ಸದ್ಬೋಧ ಚಂದ್ರಿಕೆ' ಪತ್ರಿಕೆ ನಡೆಸಿದರು, ಕಾದಂಬರಿ ಬರೆದರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಓದುಗನ ಕೈಯಿಂದ ನೇರವಾಗಿ ದುಡ್ಡು ಪಡೆಯುವುದನ್ನು ಅವರು ಕೀಳೆಂದು ಎಣಿಸಲಿಲ್ಲ.

ಕೆಲಸ ಒಪ್ಪುವ ಮೊದಲು ಈ ಅಂಕಣಕಾರ್ತಿ ಒಂದು ಸಂದೇಶ ಕಳಿಸುತ್ತಾಳೆ. ಎಷ್ಟು ಪದ, ಒಟ್ಟು ಎಷ್ಟು ಹಣ, ಯಾವ ದಿನ ಪಾವತಿ, ಎಷ್ಟು ಸಲ ತಿದ್ದುಪಡಿ, ಬರಹ ಎಲ್ಲೆಲ್ಲಿ ಬಳಕೆಯಾಗುತ್ತದೆ, ಓಡಾಟದ ಖರ್ಚು ಯಾರದು. "ಒಪ್ಪಿಗೆ" ಎಂಬ ಉತ್ತರ ಬಂದಮೇಲೆಯೇ ಕೆಲಸ ಶುರು. ಓಡಾಟವನ್ನು ಬೇರೆಯಾಗಿ ಬರೆಯುವುದಕ್ಕೆ ಕಾರಣವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರ ಬಗ್ಗೆ ಬರೆಯಬೇಕಾದರೆ ಮಾನ್ವಿ ತಾಲ್ಲೂಕಿನ ಹಳ್ಳಿಗಳಿಗೆ ಹೋಗಲೇಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿಗೆ ದುಡ್ಡಿಲ್ಲ, ನಿಜ. ಆದರೆ ಮಾನ್ವಿಯಲ್ಲಿ ಇಳಿದು ಹಳ್ಳಿ ಮುಟ್ಟಲು ಆಟೋ ಬೇಕು, ಊಟ ಬೇಕು, ಒಂದು ಇಡೀ ದಿನ ಬೇಕು. ಲೇಖನಕ್ಕೆ 3,000 ರೂಪಾಯಿ ಒಪ್ಪಿ 700 ರೂಪಾಯಿ ಕೈಯಿಂದ ಹಾಕಿದರೆ ಉಳಿಯುವುದು 2,300. ದರ ಹೇಳುವಾಗ ನೋಡಬೇಕಾದದ್ದು ಈ ಉಳಿಕೆಯನ್ನು.

ಒಪ್ಪಿದ ಮೇಲೂ ತಡಮಾಡುವವರಿದ್ದಾರೆ. ಒಂದು ಸಂಸ್ಥೆಗೆ ಇವಳು ವಾರ್ಷಿಕ ವರದಿ ಬರೆದುಕೊಟ್ಟಾಗ ಅದು ಅಚ್ಚಾಗಿ, ಹಂಚಿಕೆಯಾಗಿ, ಮೆಚ್ಚುಗೆಯನ್ನೂ ಪಡೆಯಿತು. ಹಣ ಕೇಳಿದಾಗಲೆಲ್ಲ "ಬಿಲ್ ಪಾಸಾಗ್ಲಿ ತಡೀರಿ ಮೇಡಂ" ಎಂಬ ಉತ್ತರ. ಕೊನೆಗೆ ನೆರವಿಗೆ ಬಂದದ್ದು ಒಪ್ಪಿಗೆಯ ಸಂದೇಶ ಮತ್ತು ತಾರೀಖು ಹಾಕಿದ ಬಿಲ್ಲು. ಎರಡನ್ನೂ ಲಗತ್ತಿಸಿ ಸಂಸ್ಥೆಯ ಮುಖ್ಯಸ್ಥರಿಗೆ ಪತ್ರ ಬರೆದ ಮೇಲೆ ಹಣ ಖಾತೆಗೆ ಬಂತು.

ಇಂಥ ಸಂದರ್ಭಕ್ಕೆ ಕಾನೂನಿನ ಬಲವೂ ಇದೆ, ಬರಹಗಾರರು ಅದನ್ನು ಬಳಸುವುದು ಕಡಿಮೆ. 2020ರ ಜುಲೈನಿಂದ ನಡೆಯುತ್ತಿರುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಅನುವಾದ, ಬರವಣಿಗೆಯಂಥ ಸೇವೆಯನ್ನೂ ಅಲ್ಲಿ ಸೂಕ್ಷ್ಮ ಉದ್ಯಮವಾಗಿ ದಾಖಲಿಸಬಹುದು. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳಿಗಾಗಿ ಬಂದ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಇಂಥ ಉದ್ಯಮಕ್ಕೆ ಕೊಡಬೇಕಾದ ಹಣದ ಗಡುವು, ಲಿಖಿತ ಒಪ್ಪಂದವಿದ್ದರೂ, 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದವರು ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಕೆಲಸ ಹಿಡಿಯುವ ಮೊದಲೇ ನೋಂದಾಯಿಸಿಕೊಂಡಿರುವುದು ಕ್ಷೇಮ.

ಇನ್ನು ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ ಕಡಿತ. ಬರಹದ ಸಂಭಾವನೆಯನ್ನು ವೃತ್ತಿ ಶುಲ್ಕವೆಂದು ಪರಿಗಣಿಸುವ ಸಂಸ್ಥೆಗಳು ಶೇ 10ರಷ್ಟು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತವೆ. ಈ ಕಡಿತಕ್ಕೆ ವರ್ಷಕ್ಕೆ 30,000 ರೂಪಾಯಿ ಇದ್ದ ಮಿತಿ 2025ರ ಏಪ್ರಿಲ್‌ನಿಂದ 50,000ಕ್ಕೆ ಏರಿದೆ. ಒಂದೇ ಸಂಸ್ಥೆಯಿಂದ ವರ್ಷಕ್ಕೆ 60,000 ಬಂದರೆ 6,000 ಕಡಿತ. ಪ್ಯಾನ್ ಕೊಡದಿದ್ದರೆ ಶೇ 20ರಂತೆ 12,000. ಈ ಹಣ ನಷ್ಟವಾದದ್ದಲ್ಲ, ಬರೆದವರ ಹೆಸರಿನಲ್ಲೇ ಸರ್ಕಾರಕ್ಕೆ ಜಮೆಯಾಗಿರುತ್ತದೆ. ಫಾರ್ಮ್ 26ಎಎಸ್‌ನಲ್ಲಿ ಅದನ್ನು ಹೋಲಿಸಿ ನೋಡಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ 2025–26ರಿಂದ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆ ಬೀಳುವುದಿಲ್ಲವಾದ್ದರಿಂದ ಸಣ್ಣ ಗಳಿಕೆಯವರಿಗೆ ಪೂರ್ತಿ ವಾಪಸು ಬರುತ್ತದೆ. ರಿಟರ್ನ್ ಸಲ್ಲಿಸಿದರೆ ಮಾತ್ರ. "ನನ್ನದೆಂಥ ಆದಾಯ" ಎಂದು ಸುಮ್ಮನಿರುವವರ ಹಣ ಅಲ್ಲೇ ಉಳಿಯುತ್ತದೆ.

ಹಕ್ಕಿನ ಮಾತು ಇದಕ್ಕಿಂತ ದೊಡ್ಡದು. ನೌಕರಿಯಲ್ಲಿಲ್ಲದೆ ಬರೆದುಕೊಟ್ಟ ಲೇಖನದ ಹಕ್ಕು, 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಬರೆದವರದೇ. ಅದನ್ನು ವರ್ಗಾಯಿಸಬೇಕಾದರೆ ಬರವಣಿಗೆಯಲ್ಲೇ ಆಗಬೇಕು. ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷವೆಂದು ತಿಳಿಯಬೇಕು. ಪ್ರಕಾಶಕರ ಕರಾರಿನಲ್ಲಿ "ಸರ್ವ ಹಕ್ಕುಗಳೂ ಶಾಶ್ವತವಾಗಿ" ಎಂಬ ಸಾಲು ಕಂಡಾಗ ಈ ಅಂಕಣಕಾರ್ತಿ ಅದನ್ನು "ಮೊದಲ ಮುದ್ರಣಕ್ಕೆ ಮಾತ್ರ" ಎಂದು ಬದಲಿಸಲು ಕೇಳುತ್ತಾಳೆ. ಬಹಳಷ್ಟು ಜನ ಒಪ್ಪುತ್ತಾರೆ. ಹೀಗೆ ಉಳಿಸಿಕೊಂಡ ಲೇಖನಗಳೇ ಮುಂದೆ ಅವಳ ಪುಸ್ತಕವಾದವು, ರಾಯಧನವನ್ನೂ ತಂದವು.

ಹಣ ವರ್ಷವಿಡೀ ಒಂದೇ ಸಮ ಬರುವುದಿಲ್ಲ. ವಿಶೇಷಾಂಕದ ಬರಹ ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ಅದರ ಹಣ ದೀಪಾವಳಿ ಕಳೆದ ಮೇಲೆ. ಸಂಸ್ಥೆಗಳ ವರದಿಯ ಕೆಲಸ ಮಾರ್ಚ್ ಹತ್ತಿರವಾದಾಗ. ನಡುವಿನ ತಿಂಗಳುಗಳಿಗೆಂದು ಬಂದ ಪ್ರತಿ ಪಾವತಿಯಲ್ಲೂ ಒಂದು ಪಾಲನ್ನು ಬೇರೆ ಖಾತೆಗೆ ಹಾಕುವುದು ಅವಳ ರೂಢಿ. ಬಾಡಿಗೆ, ಆರೋಗ್ಯ ವಿಮೆಯ ಕಂತು ಅಲ್ಲಿಂದಲೇ ಸಾಗುತ್ತವೆ.

2016ರ ಡಿಸೆಂಬರ್‌ನಲ್ಲಿ 82ನೆಯ ಕನ್ನಡ ಸಾಹಿತ್ಯ ಸಮ್ಮೇಳನವನ್ನು ನಡೆಸಿದ ಊರು ರಾಯಚೂರು. ದೇವದುರ್ಗ, ಮಾನ್ವಿಗಳಲ್ಲಿ ಈಗ ಬರೆಯಲು ತೊಡಗಿರುವ ಹುಡುಗ ಹುಡುಗಿಯರು ಕಡಿಮೆಯಿಲ್ಲ. ತಾಲ್ಲೂಕು ಸಮ್ಮೇಳನಗಳಲ್ಲಿ ಕವಿಗೋಷ್ಠಿಯ ಪಕ್ಕದಲ್ಲಿ ಒಂದು ಗಂಟೆಯನ್ನು ಇವರಿಗಾಗಿ ತೆಗೆದಿಡಬಹುದು: ಒಬ್ಬ ವಕೀಲರು ಕರಾರು ಓದುವುದನ್ನು ಹೇಳಿಕೊಡಲಿ, ಒಬ್ಬ ಲೆಕ್ಕಪರಿಶೋಧಕರು ಬಿಲ್ಲು ಬರೆಸಲಿ, ಮೊಬೈಲ್ ಹಿಡಿದು ಕೂತವರ ಉದ್ಯಮ್ ನೋಂದಣಿ ಅಲ್ಲೇ ಆಗಿಹೋಗಲಿ.