ಕಣ್ಣಿಗೆ ಕಾಣದ ಮಿನುಗು

ಗಣಕಯಂತ್ರದ ಪರದೆಯನ್ನು ಬಹುಹೊತ್ತು ನೋಡುವವರ ಕಣ್ಣು ದಣಿಯಲು ರೆಪ್ಪೆ ಬಡಿಯುವುದು ತಗ್ಗಿ ಕಣ್ಣು ಒಣಗುವುದು ಒಂದು ಕಾರಣ. ಬೆಳಕಿನ ಮಿನುಗು ಇನ್ನೊಂದು. ಹಿಂದಿನ ಗಾಜಿನ ಕೊಳವೆಯ ಮಾನಿಟರಿನಲ್ಲಿ ಇಲೆಕ್ಟ್ರಾನುಗಳ ಕಿರಣವು ಹೊಳೆಯುವ ಲೇಪದ ಮೇಲೆ ಸಾಲುಸಾಲಾಗಿ ಹಾಯ್ದು, ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಚಿತ್ರವನ್ನು ಮೂಡಿಸುತ್ತಿತ್ತು. ನಡುನಡುವೆ ಲೇಪ ಮಂಕಾಗುತ್ತಿದ್ದುದರಿಂದ ಓರೆಗಣ್ಣಿಗೆ ಪರದೆ ನಡುಗುವಂತೆ ತೋರುತ್ತಿತ್ತು. 85 ಬಾರಿಗೆ ಏರಿಸಿದರೆ ಬಹುಮಟ್ಟಿಗೆ ಶಮನವಾಗುತ್ತಿತ್ತು.

ದ್ರವಸ್ಫಟಿಕದ ಪರದೆ ಬಂದಮೇಲೆ ಈ ತೊಂದರೆ ಕಳೆಯಿತೆಂದದ್ದು ಅವಸರದ ಮಾತು. ಅದರ ಹಿಂದಿನ ಎಲ್‌ಇಡಿ ದೀಪದ ಬೆಳಕನ್ನು ತಗ್ಗಿಸಲು ಹಲವು ಮಾನಿಟರುಗಳು ದೀಪವನ್ನೇ ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹೊತ್ತಿಸುತ್ತವೆ. ಬೆಳಕು ತಗ್ಗಿದಷ್ಟೂ ದೀಪ ಆರಿರುವ ಅವಧಿ ಹೆಚ್ಚು. ಹೀಗಾಗಿ ಕಣ್ಣಿಗೆ ಹಿತವೆಂದು ಬೆಳಕು ತಗ್ಗಿಸಿದವರಿಗೇ ತಲೆನೋವು ಬರುವುದುಂಟು. ಮಿನುಗು ಕಾಣದ ಕಾರಣ ಅವರ ನೋವನ್ನು ಇತರರು ನಂಬುವುದೂ ಕಷ್ಟ!

ಪರೀಕ್ಷೆ ಸುಲಭ. ಕತ್ತಲೆಯ ಕೋಣೆಯಲ್ಲಿ, ಬೆಳಕು ತಗ್ಗಿಸಿದ ಬಿಳಿಯ ಪರದೆಯ ಮುಂದೆ ಪೆನ್ಸಿಲನ್ನು ವೇಗವಾಗಿ ಬೀಸಬೇಕು. ಅಖಂಡವಾದ ಮಸುಕು ಪಟ್ಟಿ ಕಂಡರೆ ಚಿಂತೆಯಿಲ್ಲ. ಬಿಡಿಬಿಡಿಯಾಗಿ ಹಲವು ಪೆನ್ಸಿಲುಗಳು ಕಂಡರೆ ದೀಪ ಮಿನುಗುತ್ತಿದೆಯೆಂದೇ ಅರ್ಥ. ಅಂತಹ ಪರದೆಯ ಬೆಳಕನ್ನು ಏರಿಸಿ, ಕೋಣೆಯ ದೀಪವನ್ನೂ ಹೊತ್ತಿಸಿಕೊಂಡು ಓದುವುದು ಲೇಸು.