ಬ್ಯಾಡಗಿ ಮೆಣಸಿನಕಾಯಿ, ರಾಣೆಬೆನ್ನೂರಿನ ಕೃಷ್ಣಮೃಗ: ವೈಜ್ಞಾನಿಕ ಹೆಸರುಗಳ ಮೂಲ

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ (ಜಿಐ ಮಾನ್ಯತೆ: 2011) ಕ್ಯಾಪ್ಸಿಕಂ ಆ್ಯನಮ್ ಪ್ರಭೇದದ್ದು. ‘ಕ್ಯಾಪ್ಸಿಕಂ’ಗೆ ಎರಡು ಮೂಲ ಹೇಳುತ್ತಾರೆ: ಲ್ಯಾಟಿನ್‌ನ ‘ಕ್ಯಾಪ್ಸಾ’ ಅಂದರೆ ಪೆಟ್ಟಿಗೆ, ಗ್ರೀಕ್‌ನ ‘ಕಪ್ಟೊ’ ಅಂದರೆ ಕಚ್ಚು. ಬ್ಯಾಡಗಿಯ ಡಬ್ಬಿ ಬಗೆಯ ಒಣಗಿದ ಕಾಯಿ ಅಲ್ಲಾಡಿಸಿದಾಗ ಟೊಳ್ಳಿನೊಳಗೆ ಬೀಜ ಗಲಗಲ ಎನ್ನುವುದನ್ನು ಕೇಳಿದರೆ ಮೊದಲನೆಯದೇ ಒಪ್ಪಿಗೆಯಾಗುತ್ತದೆ. ಖಾರದ ಅಂಶಕ್ಕೆ ‘ಕ್ಯಾಪ್ಸೈಸಿನ್’ ಎಂದು 1876ರಲ್ಲಿ ಹೆಸರಿಟ್ಟವರು ಜಾನ್ ಥ್ರೆಶ್. ಖಾರದ ಅಳತೆ ಸ್ಕೋವಿಲ್ (1912ರಲ್ಲಿ ರೂಪಿಸಿದ ವಿಲ್ಬರ್ ಸ್ಕೋವಿಲ್ ಅವರ ಹೆಸರು). ಬ್ಯಾಡಗಿಯ ಹಿರಿಮೆ ಮಾತ್ರ ಖಾರವಲ್ಲ, ಕಡುಗೆಂಪು ಬಣ್ಣ. ಅದನ್ನು ಓಲಿಯೊರೆಸಿನ್ ಆಗಿ ತೆಗೆಯುತ್ತಾರೆ: ಲ್ಯಾಟಿನ್‌ನಲ್ಲಿ ‘ಓಲಿಯಮ್’ ಎಣ್ಣೆ, ‘ರೆಸಿನಾ’ ರಾಳ.

ಇದೇ ಜಿಲ್ಲೆಯ ರಾಣೆಬೆನ್ನೂರು ಅಭಯಾರಣ್ಯದ (ಸ್ಥಾಪನೆ: 1974) ಕೃಷ್ಣಮೃಗದ ವೈಜ್ಞಾನಿಕ ಹೆಸರು ಆಂಟಿಲೋಪ್ ಸರ್ವಿಕಾಪ್ರಾ. ಲ್ಯಾಟಿನ್‌ನಲ್ಲಿ ‘ಸರ್ವಸ್’ ಜಿಂಕೆ, ‘ಕಾಪ್ರಾ’ ಮೇಕೆ. ಆದರೂ ಇದು ಜಿಂಕೆಯ ಕುಟುಂಬದ್ದಲ್ಲ, ಹಸು-ಮೇಕೆಗಳ ಬೋವಿಡೇ ಕುಟುಂಬದ್ದು. ಅನೇಕರು ಎಡವುವುದು ಇಲ್ಲೇ.